ಅರ್ಧ ದಂಡೆ ಅಬ್ಬಲಿ

ಶಾಲೆಯಲ್ಲಿ ಹೊಡೆತ ತಿಂದವರ ಕತೆ ಕೇಳಿದಾಗಲೆಲ್ಲ ನನಗೆ ಒಂದು ಬಗೆಯ ಹೊಟ್ಟೆಕಿಚ್ಚು. ಹೊಡೆತ ಕಣ್ಣಿಗೆ ಕಾಣುತ್ತದೆ. ಬಾಸುಂಡೆ ಎದ್ದರೆ ಮನೆಯಲ್ಲಿ ತೋರಿಸಬಹುದು, ಯಾರು ಎಂದು ಕೇಳಿದರೆ ಬೆರಳು ಮಾಡಬಹುದು. ಆರನೇ ಇಯತ್ತೆಯಲ್ಲಿ ನನ್ನ ಮೇಲೆ ಯಾರೂ ಕೈ ಎತ್ತಲಿಲ್ಲ. ನಾನು ಕೊಟ್ಟ ಹೂವನ್ನು ಯಾರೂ ತೆಗೆದುಕೊಳ್ಳಲಿಲ್ಲ, ಅಷ್ಟೇ. ಇದನ್ನು ಯಾವ ದೊಡ್ಡವರ ಹತ್ತಿರ ದೂರು ಹೇಳುವುದು? ಹೇಳಿದರೆ ನಗುತ್ತಾರೆ. ಹಾಗೆ ನಕ್ಕವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಎಂಬತ್ತರ ದಶಕದ ನಡುವಿನಲ್ಲಿ ಅಪ್ಪನಿಗೆ ಅಂಕೋಲೆಯಿಂದ ಕಾರವಾರಕ್ಕೆ ವರ್ಗವಾಯಿತು. ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆ ತೆಗೆಯುವಷ್ಟು ದೂರ. ಅಪ್ಪ ಕಾರಕೂನ, ಜಿಲ್ಲೆಯ ದೊಡ್ಡ ಕಚೇರಿಯಲ್ಲಿ ಕುರ್ಚಿ ಸಿಕ್ಕಿತೆಂದು ಹಿಗ್ಗಿದ. ಕೋಡಿಬಾಗದಲ್ಲಿ ಬಾಡಿಗೆ ಮನೆ ಹಿಡಿದೆವು. ಅಪ್ಪನ ತಾಯಿ, ನನ್ನ ಅಜ್ಜಿ, ಮಾತ್ರ ಬರಲಿಲ್ಲ. ಅವಳು ಮಂಜಗುಣಿಯಲ್ಲಿ ದೊಡ್ಡಪ್ಪನ ಜೊತೆ ಗದ್ದೆ ನೋಡಿಕೊಂಡು, ಗಂಗಾವಳಿ ಹೊಳೆಯ ನೀರು ಇಳಿದಾಗ ಬಳಚು ಎಂಬ ಚಿಪ್ಪು ಆರಿಸಿಕೊಂಡು ಸುಖವಾಗಿದ್ದಳು. ಪೇಟೆಯ ನಲ್ಲಿ ನೀರು ಅವಳಿಗೆ ಸೇರುತ್ತಿರಲಿಲ್ಲ.

ಹೊಸ ಶಾಲೆಯಲ್ಲಿ ಹುಡುಗಿಯರು ಅಕ್ಕೋರ ಮುಂದೆ ಕನ್ನಡ, ಆಟಕ್ಕೆ ಬಿಟ್ಟಾಗ ಕೊಂಕಣಿ. ಅಕ್ಕೋರು ಎಂದರೆ ನಮ್ಮ ಕಡೆ ಪಾಠ ಹೇಳುವ ಹೆಂಗಸರು. ನನಗೆ ಕೊಂಕಣಿ ತಿಳಿಯುತ್ತಿತ್ತು, ಬಾಯಿಂದ ಹೊರಡುತ್ತಿರಲಿಲ್ಲ. ಮೊದಲ ದಿನವೇ ನನಗೆ ‘ಗಾಂವ್ಟಿ’ ಎಂದು ಹೆಸರಿಟ್ಟರು. ಹಳ್ಳಿಗುಗ್ಗು ಎಂಬುದಕ್ಕೆ ಅವರ ಮಾತು. ಮಂಜಗುಣಿ ಹಳ್ಳಿಯೇ, ನಾನು ಇಲ್ಲವೆನ್ನುವುದಿಲ್ಲ. ಆದರೆ ಆಗಿನ ಕೋಡಿಬಾಗ ಯಾವ ಮುಂಬಯಿಯಾಗಿತ್ತೋ ನನಗೆ ಇನ್ನೂ ಅರ್ಥವಾಗಿಲ್ಲ.

ಹೆಸರಿಟ್ಟವಳು ತರಗತಿಯ ಉದ್ದ ಜಡೆಯವಳು. ಮೊಣಕಾಲು ಮುಟ್ಟುವ ಒಂಟಿ ಜಡೆ. ಬೆಂಚಿನ ಮೇಲೆ ಕೂರುವಾಗ ಅದನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು, ಎದ್ದಾಗ ಒಮ್ಮೆ ಹಿಂದಕ್ಕೆ ಬೀಸುತ್ತಿದ್ದಳು. ಅದರ ತುದಿ ಮುಖಕ್ಕೆ ತಾಗಿದರೂ ಹಿಂದಿನ ಬೆಂಚಿನವರು ಏನೂ ಅನ್ನುತ್ತಿರಲಿಲ್ಲ. ಅವಳ ಅಪ್ಪ ಗೋವಾದಲ್ಲಿ ಕೆಲಸಕ್ಕಿದ್ದ. ಅಲ್ಲಿಂದ ಬಂದ ಬಣ್ಣದ ರಿಬ್ಬನ್ನು, ಪಿನ್ನು, ವಾಸನೆಯ ರಬ್ಬರು ಎಲ್ಲವೂ ಅವಳ ಹತ್ತಿರ ಇತ್ತು. ಯಾರು ಯಾರ ಜೊತೆ ಮಾತಾಡಬೇಕು ಎಂಬುದನ್ನು ಅವಳೇ ಗೊತ್ತುಮಾಡುತ್ತಿದ್ದಳು.

ಹೂವಿನ ಲೆಕ್ಕಾಚಾರವೂ ಅವಳದೇ. ನಮ್ಮ ಕಡೆ ಬಾಳೆನಾರಿನಲ್ಲಿ ಕಟ್ಟಿದ ಹೂವಿಗೆ ದಂಡೆ ಎನ್ನುತ್ತೇವೆ. ಪ್ರಾರ್ಥನೆಯ ಗಂಟೆಗೆ ಮೊದಲು ಹುಡುಗಿಯರೆಲ್ಲ ಅಂಗಳದ ಗಾಳಿಮರದ ಬುಡದಲ್ಲಿ ಸೇರುವುದು, ದಂಡೆ ತಂದವಳು ತುಂಡು ಮಾಡಿ ಗೆಳತಿಯರಿಗೆ ಕೊಡುವುದು, ಅವರು ತಮ್ಮದರಲ್ಲಿ ಒಂದು ತುಂಡು ಇವಳಿಗೆ ಮುಡಿಸುವುದು. ಗಂಟೆ ಹೊಡೆಯುವ ಹೊತ್ತಿಗೆ ಒಂದೊಂದು ತಲೆಯಲ್ಲೂ ಅಬ್ಬಲಿ ಎಂದು ನಾವು ಕರೆಯುವ ಕನಕಾಂಬರ, ಜಾಜಿ, ಒಂದು ಎಸಳು ಪಚ್ಚೆತೆನೆ ಎಲ್ಲ ಬೆರೆತು ಕೂತಿರುತ್ತಿದ್ದವು. ತಲೆ ನೋಡಿದರೆ ಸಾಕು, ಯಾರು ಯಾರಿಗೆ ಬೇಕಾದವರು ಎಂದು ತಿಳಿಯುತ್ತಿತ್ತು. ಗಂಡುಹುಡುಗರಿಗೆ ಇದರ ಗಂಧಗಾಳಿ ಇರಲಿಲ್ಲ. ಅಕ್ಕೋರಿಗೂ ಇರಲಿಲ್ಲ ಎನ್ನಬೇಕು, ಏಕೆಂದರೆ ಎಲ್ಲಕ್ಕಿಂತ ದೊಡ್ಡ ತುಂಡನ್ನು ಉದ್ದ ಜಡೆಯವಳು ದಿನಾ ಅವರ ಮೇಜಿನ ಮೇಲೆ ಇಡುತ್ತಿದ್ದಳು.

ಮೊದಲ ವಾರ ನಾನೂ ನನ್ನ ಅಬ್ಬಲಿ ದಂಡೆಯನ್ನು ತುಂಡು ಮಾಡಿ ಅವಳತ್ತ ಚಾಚಿದೆ. ಅವಳು ಮುಟ್ಟಲಿಲ್ಲ. “ಗಾಂವ್ಟಿ ಹೂವಿನಲ್ಲಿ ಹೇನು ಇರ್ತದೆ,” ಎಂದಳು. ಎಲ್ಲರೂ ಕಿಸಕ್ಕೆಂದರು. ಅಂದಿನಿಂದ ಯಾರೂ ನನ್ನ ಹೂ ತೆಗೆದುಕೊಳ್ಳಲಿಲ್ಲ, ನನಗೆ ಕೊಡಲೂ ಇಲ್ಲ. ಮಳೆಗಾಲದಲ್ಲಿ ಒಮ್ಮೆ ನನ್ನ ಬೆಂಚಿನವಳೊಬ್ಬಳು, ಮೆತ್ತನೆಯ ಹುಡುಗಿ, ಒಂದು ತುಂಡು ಇಸಿದುಕೊಂಡು ಮುಡಿದಳು. ಆಟದ ಬಿಡುವು ಮುಗಿಯುವಷ್ಟರಲ್ಲಿ ಅದು ನನ್ನ ಕಂಪಾಸು ಪೆಟ್ಟಿಗೆಯೊಳಗೆ ವಾಪಸು ಬಂದಿತ್ತು. “ನನ್ನ ಸಂಗಡಾನೂ ಟೂ ಬಿಡ್ತಾರೆ,” ಎಂದು ಪಿಸುಗುಟ್ಟಿ ಅವಳು ಆಚೆ ಸರಿದು ಕೂತಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳ ಕಣ್ಣಲ್ಲೂ ನೀರಿತ್ತು.

ಮನೆಯಲ್ಲಿ ಇದನ್ನು ಹೇಳಬಹುದಿತ್ತಲ್ಲ ಎಂದು ಈಗ ಕೇಳುವುದು ಸುಲಭ. ತಾಯಿಯನ್ನು ನಾನು ಆಯಿ ಎಂದು ಕರೆಯುತ್ತಿದ್ದೆ. ಆಯಿಗೂ ಆ ಊರಲ್ಲಿ ಯಾರೂ ಇರಲಿಲ್ಲ. ಅಪ್ಪ ಕಚೇರಿಗೆ ಹೋದ ಮೇಲೆ ಬಾವಿಕಟ್ಟೆ, ಒಲೆ, ಹಿತ್ತಲ ಎರಡು ಸಾಲು ಅಬ್ಬಲಿ ಗಿಡ, ಇಷ್ಟೇ ಅವಳ ಪ್ರಪಂಚ. ಬೆಳಗಾಗುತ್ತಲೇ ಮೊಗ್ಗು ಬಿಡಿಸಿ ದಂಡೆ ಕಟ್ಟುತ್ತಿದ್ದಳು. ಸಂಜೆ ನನ್ನ ಜಡೆ ಬಿಚ್ಚುವಾಗ, “ಇವತ್ತು ಯಾರ್‍ಯಾರಿಗೆ ಕೊಟ್ಟೆ?” ಎಂದು ಕೇಳುತ್ತಿದ್ದಳು. ಆ ಕೇಳುವಿಕೆಯಲ್ಲಿ ಎಷ್ಟು ಆಸೆ ಇರುತ್ತಿತ್ತೆಂದರೆ, ಇಡೀ ದಂಡೆಯನ್ನು ತಲೆಯಲ್ಲಿ ಹೊತ್ತುಕೊಂಡು ಮನೆಗೆ ಬರಲು ನನಗೆ ಧೈರ್ಯವಾಗಲಿಲ್ಲ. ದಾರಿಯಲ್ಲಿ ಅರ್ಧ ಕಿತ್ತು ಗಟಾರಕ್ಕೆ ಎಸೆದು, ತರಗತಿಯ ಹುಡುಗಿಯರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದೆ. ಆಯಿ ಅವರನ್ನೆಲ್ಲ ಹೆಸರಿನಿಂದಲೇ ಗುರುತು ಹಿಡಿದಳು. ಒಬ್ಬಳಿಗೆ ನೆಗಡಿ ಎಂದು ನಾನು ಕತೆ ಕಟ್ಟಿದರೆ, ಮರುದಿನ ಅವಳು ಹೇಗಿದ್ದಾಳೆಂದು ವಿಚಾರಿಸುತ್ತಿದ್ದಳು. ಮಗಳಿಗೆ ಇಷ್ಟು ಜನ ಗೆಳತಿಯರಿದ್ದಾರಲ್ಲ ಎಂದು ದಂಡೆಯನ್ನು ದಿನದಿನಕ್ಕೆ ಉದ್ದ ಮಾಡುತ್ತ ಹೋದಳು. ಗಟಾರಕ್ಕೂ ಅಷ್ಟಷ್ಟೇ ಹೆಚ್ಚು ಹೂ ಬಿತ್ತು.

ಮಾಘ ಕಳೆಯುವ ಹೊತ್ತಿಗೆ ಅಜ್ಜಿ ಬಂದಳು. ಬಾಳೆಲೆಯ ಪೊಟ್ಟಣದಲ್ಲಿ ಸುರಂಗಿ ತಂದಿದ್ದಳು. ಸುರಂಗಿಯ ವಾಸನೆ ಗೊತ್ತಿಲ್ಲದವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ. ಒಬ್ಬಳು ಮುಡಿದರೆ ಓಣಿಗೆಲ್ಲ ಗೊತ್ತಾಗುತ್ತದೆ. ಅಜ್ಜಿ ರಾತ್ರಿ ಊಟಕ್ಕೆ ಮೊದಲೇ ಮೊಗ್ಗುಗಳನ್ನು ಸೂಜಿದಾರದಲ್ಲಿ ಪೋಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬೆಳಿಗ್ಗೆ ತನ್ನ ಕೈಯಾರೆ ನನಗೆ ಮುಡಿಸಿದಳು.

ಅವತ್ತು ಗಾಳಿಮರದ ಬುಡದಲ್ಲಿ ನಾನು ಯಾರನ್ನೂ ಕರೆಯಲಿಲ್ಲ. ವಾಸನೆಯೇ ಕರೆಯಿತು. ಒಬ್ಬಳು ಹತ್ತಿರ ಬಂದು, “ಸುರಂಗಿಯಾ? ಎಲ್ಲಿಂದು?” ಎಂದಳು. ಇನ್ನೊಬ್ಬಳು ಬಂದಳು. ನೋಡುನೋಡುತ್ತಿದ್ದಂತೆ ನನ್ನ ಸುತ್ತ ಹುಡುಗಿಯರು. “ನಂಗೊಂದು ತುಂಡು,” “ನಂಗೂ.” ದಂಡೆ ಬಿಚ್ಚಿ ದಾರ ಹಲ್ಲಿನಲ್ಲಿ ಕಚ್ಚುವಷ್ಟರಲ್ಲಿ ಉದ್ದ ಜಡೆಯವಳು ಬಂದು ಇಡೀ ದಂಡೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಮೂಸಿದಳು. ಒಂದು ಗಳಿಗೆ ಅವಳ ಮುಖ ಅರಳಿದ್ದನ್ನು ನಾನು ಕಂಡೆ, ತನಗೇ ಮುಡಿದುಕೊಳ್ಳುತ್ತಾಳೆ ಅಂದುಕೊಂಡು ಖುಷಿಯೂ ಪಟ್ಟೆ. ಆಮೇಲೆ ಅವಳು ಸುತ್ತ ನೋಡಿದಳು. ಅವಳ ಜೊತೆಯವರೆಲ್ಲ ನನ್ನ ಪಕ್ಕದಲ್ಲಿ ನಿಂತಿದ್ದರು. ಅವಳು ಸರಸರನೆ ತರಗತಿಯೊಳಗೆ ನಡೆದು, ಬಾಗಿಲ ಮೂಲೆಯ ಕಸಬರಿಗೆಗೆ ಅದನ್ನು ಸುತ್ತಿ ಕಟ್ಟಿದಳು. “ಮದುಮಗಳು ಬಂದಳು ನೋಡ್ರೇ!” ಎಂದು ಕಸಬರಿಗೆಯನ್ನು ಎತ್ತಿ ಕುಣಿಸಿದಳು.

ಎಲ್ಲರೂ ನಕ್ಕರು. ಈಗಷ್ಟೇ ಕೈಚಾಚಿದವರು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕರು. ಒಳಬಂದ ಅಕ್ಕೋರು ಕಸಬರಿಗೆ ನೋಡಿ, “ಹೂವು ದಂಡ ಮಾಡಬಾರದು ಮಕ್ಕಳೇ,” ಎಂದು ಹಾಜರಿ ಕರೆಯತೊಡಗಿದರು. ಅಷ್ಟೇ ಅವರು ಮಾಡಿದ ನ್ಯಾಯ. ಸುರಂಗಿಯ ವಾಸನೆ ದಿನವಿಡೀ ಆ ಮೂಲೆಯಿಂದ ಬರುತ್ತಿತ್ತು.

ಸಂಜೆ ಆಯಿ ನೀರಿಗೆ ಹೋಗಿದ್ದಳು. ಅಜ್ಜಿ ನನ್ನ ಬರಿದಾದ ತಲೆ ನೋಡಿ, “ಎಲ್ಲಾ ಹಂಚಿ ಮುಗೀತೇನೆ ತಂಗಿ?” ಎಂದಳು. ನಾನು ಅವಳ ಮಡಿಲಿಗೆ ಬಿದ್ದು ಅತ್ತೆ. ಜೂನಿನಿಂದ ಒಳಗೆ ಇಟ್ಟುಕೊಂಡಿದ್ದೆಲ್ಲ ಹೊರಗೆ ಬಂತು. ಕೊನೆಗೆ ಅಜ್ಜಿ ಸೆರಗಿನಿಂದ ನನ್ನ ಮೂಗು ಒರೆಸಿ, “ಸುಮ್ನಿರು. ನಾ ದೇವ್ರ ಹತ್ರ ಹೇಳ್ತೆ. ಆಯಿಗೆ ಈಗ ಹೇಳೂದು ಬ್ಯಾಡ, ಪಾಪ, ಅದು ಮನ್ಸಿಗೆ ಹಚ್ಕತದೆ,” ಎಂದಳು. ಮರುದಿನ ಬೆಳಗಿನ ಬಸ್ಸಿಗೆ ಊರಿಗೆ ಹೊರಟುಹೋದಳು.

ದೇವರ ಹತ್ತಿರ ಹೇಳುವುದು ಎಂದರೆ ನಮ್ಮ ಕರಾವಳಿಯಲ್ಲಿ ಹುಡುಗಾಟಿಕೆಯಲ್ಲ. ಕೋಳಿ ಕದ್ದವರು, ಗದ್ದೆಯ ಅಂಚು ಒತ್ತಿದವರು ಒಪ್ಪಿಕೊಳ್ಳದಿದ್ದರೆ, ನೊಂದವರು ಊರಗಡಿಯ ಜಟಗನ ಮುಂದೆ ಹೋಗಿ ಒಂದು ತೆಂಗಿನಕಾಯಿ ಇಟ್ಟು ದೂರು ಹೇಳುತ್ತಾರೆ. ಜಟಗ ಎಂದರೆ ಗುಡಿಯೂ ಇಲ್ಲದ, ಮರದ ಬುಡದ ಕಲ್ಲು. ಆದರೆ ಕಾಯಿ ಇಟ್ಟ ಸುದ್ದಿ ಕಿವಿಗೆ ಬಿದ್ದರೆ ಎಂಥ ಪುಂಡನಿಗೂ ಬೆವರು ಕಿತ್ತುಬರುತ್ತಿತ್ತು. ಇಟ್ಟವರೇ ಮನಸ್ಸು ಮಾಡಿ ಕಾಯಿ ತೆಗೆಯುವ, ಎಂದರೆ ಇನ್ನೊಂದು ಕಾಯಿ ಇಡಿಸಿ ದೂರು ವಾಪಸು ಪಡೆಯುವ ತನಕ ಮನೆಯಲ್ಲಿ ಒಂದಲ್ಲ ಒಂದು ಕೇಡು ತಪ್ಪದು ಎಂಬ ನಂಬಿಕೆ. ಅಜ್ಜಿ ಅದನ್ನೇ ಮಾಡಲು ಹೊರಟಿದ್ದಾಳೆಂದು ನಾನು ತಿಳಿದೆ. ಬೇರೆ ಏನು ತಿಳಿಯಲಿ?

ಎರಡು ಮೂರು ದಿನ ಬಿಟ್ಟು ತರಗತಿಯ ಹುಡುಗಿಯರು ಮತ್ತೆ ಕಸಬರಿಗೆ ತೋರಿಸಿ, “ಗಾಂವ್ಟಿ, ನಿನ್ನ ಅಕ್ಕ ಕರೀತಿದ್ದಾಳೆ,” ಎಂದಾಗ ನನ್ನ ತಾಳ್ಮೆ ತಪ್ಪಿತು. “ನಮ್ಮ ಅಜ್ಜಿ ಜಟಗನಿಗೆ ಕಾಯಿ ಇಟ್ಟಿದ್ದಾಳೆ. ನಿಮ್ಮ ಮೇಲೆ!” ಎಂದು ಕೂಗಿದೆ. ಗದ್ದಲ ತಟ್ಟನೆ ನಿಂತಿತು. ಉದ್ದ ಜಡೆಯವಳು, “ಇಟ್ಟರೆ ಇಡಲಿ,” ಎಂದಳು. ಆದರೆ ಜಡೆಯನ್ನು ಎದೆಗೆ ಅವಚಿಕೊಂಡೇ ಹೇಳಿದಳು.

ಆ ವಾರದ ಕೊನೆಗೆ ಅವಳು ಶಾಲೆಗೆ ಬರಲಿಲ್ಲ. ಜ್ವರವಂತೆ. ಮುಂದಿನ ವಾರವೂ ಬರಲಿಲ್ಲ. ಟೈಫಾಯ್ಡ್ ಅಂತೆ, ದೊಡ್ಡಾಸ್ಪತ್ರೆಗೆ ಹಾಕಿದ್ದಾರಂತೆ, ಮೈಮೇಲೆ ಎಚ್ಚರವಿಲ್ಲವಂತೆ. ಸುದ್ದಿ ಬಂದಾಗಲೆಲ್ಲ ಇಡೀ ತರಗತಿ ತಿರುಗಿ ನನ್ನನ್ನು ನೋಡುತ್ತಿತ್ತು.

ನನ್ನನ್ನು ಗಾಂವ್ಟಿ ಎನ್ನುವವರು ಇಲ್ಲವಾದರು. ನನ್ನ ಬೆಂಚಿನಲ್ಲಿ ಕೂರುವವರೂ ಇಲ್ಲವಾದರು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ನನ್ನ ಜಾಗದಲ್ಲಿ ಒಂದು ತುಂಡು ಜಾಜಿ ದಂಡೆ. ಯಾರು ಇಟ್ಟರೆಂದು ಕೇಳಿದರೆ ಯಾರೂ ಬಾಯಿಬಿಡಲಿಲ್ಲ. ಮರುದಿನ ಅಬ್ಬಲಿ, ಅದರ ಮರುದಿನ ಮಲ್ಲಿಗೆಯೂ ಅಬ್ಬಲಿಯೂ ಒಟ್ಟಿಗೆ. ಹೂ ಇಟ್ಟು, ಕಣ್ಣು ತಪ್ಪಿಸಿ, ಓಡಿಹೋಗುತ್ತಿದ್ದರು. ಕಲ್ಲಿಗೆ ಏರಿಸಿದ ಹಾಗೆ. ವರ್ಷವಿಡೀ ಒಂದು ಎಸಳಿಗೆ ಕಾದವಳಿಗೆ ಈಗ ಬೆಂಚಿನ ತುಂಬ ಹೂ, ಆದರೆ ಒಂದನ್ನೂ ಮುಡಿಯಲು ಮನಸ್ಸು ಬರಲಿಲ್ಲ. ಅವಳು ಸತ್ತುಹೋದರೆ ಎಂಬ ಯೋಚನೆ ಊಟಕ್ಕೆ ಕೂತಾಗಲೂ ಬಿಡುತ್ತಿರಲಿಲ್ಲ. ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ನಿಜ. ಸಾಯಲಿ ಎಂದು ಯಾವತ್ತೂ ಅಂದುಕೊಂಡವಳಲ್ಲ.

ಒಂದು ಸಂಜೆ ಅವಳ ತಾಯಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಕೈಯಲ್ಲಿ ಚೀಲ, ಚೀಲದಲ್ಲಿ ತೆಂಗಿನಕಾಯಿ, ಊದಿನಕಡ್ಡಿ. ಕಣ್ಣು ಬಾತುಕೊಂಡಿದ್ದವು. ಒಳಗೆ ಕರೆದರೂ ಬಾರದೆ ಮೆಟ್ಟಿಲ ಮೇಲೆ ಕೂತು, “ಅಕ್ಕಾ, ನನ್ನ ಪೋರಿಗೆ ಬುದ್ಧಿ ಇಲ್ಲ. ಸಣ್ಣದು. ತಪ್ಪಾಯ್ತು. ಆ ಕಾಯಿ ಒಂದು ತೆಗೆಸಿಕೊಡಿ ಅಕ್ಕಾ,” ಎಂದು ಅಳತೊಡಗಿದಳು.

ಆಯಿಗೆ ತಲೆಬುಡ ತಿಳಿಯಲಿಲ್ಲ. “ಯಾವ ಕಾಯಿ? ನಿಮ್ಮ ಮಗಳು ನಮ್ಮವಳ ಗೆಳತಿ ಅಲ್ಲವಾ? ಮೊನ್ನೆ ಮೊನ್ನೆ ಇವಳು ಅವಳಿಗೆ ಹೂ ಕೊಟ್ಟಿದ್ದಳಲ್ಲ?” ಎಂದು ನನ್ನ ಮುಖ ನೋಡಿದಳು. ಆ ಹೆಂಗಸು ತನ್ನ ಮಗಳು ಹಾಸಿಗೆಯಲ್ಲಿ ಬಡಬಡಿಸಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು: ಗಾಂವ್ಟಿ ಎಂದದ್ದು, ಹೇನು ಎಂದದ್ದು, ಕಸಬರಿಗೆ. ಆಯಿ ಕೇಳುತ್ತ ಕೇಳುತ್ತ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನನಗೆ ಬೈಯಲಿಲ್ಲ. “ಮತ್ತೆ ಅಷ್ಟೂ ಹೂ ಏನು ಮಾಡಿದೆ ಮಗಾ?” ಎಂದಳು. ಗಟಾರ ಎಂದೆ. ಆಯಿ ಒಳಗೆ ಹೋಗಿ ತುಂಬ ಹೊತ್ತು ಬರಲಿಲ್ಲ.

ಅಪ್ಪ ಕಚೇರಿಯಿಂದ ಬಂದವನು, “ಟೈಫಾಯ್ಡಿಗೂ ಕಾಯಿಗೂ ಎಂಥ ಸಂಬಂಧ? ಔಷಧ ಸರಿಯಾಗಿ ಕೊಡಿ ಅಷ್ಟೇ,” ಎಂದ. ಅವನು ಹೇಳಿದ್ದು ಸರಿಯೇ. ಆದರೆ ಮೆಟ್ಟಿಲ ಮೇಲೆ ಕೂತವಳಿಗೆ ಅದು ಕೇಳಿಸಲೇ ಇಲ್ಲ. ಆಯಿ ಅವಳ ಪಕ್ಕದಲ್ಲಿ ಹೋಗಿ ಕೂತು, “ಆಯ್ತವಾರದಂದು ಅತ್ತೆಯ ಹತ್ತಿರ ಹೋಗುವ. ನಾನು ಬರ್ತೇನೆ,” ಎಂದಳು.

ಹಾಗೆ ನಾವು ಮೂವರೂ ಹೊರಟೆವು. ಬಸ್ಸು ಬಿಣಗಾ ಘಟ್ಟ ಏರುವಾಗ ಸಮುದ್ರ ಕಾಣುತ್ತಿತ್ತು, ಯಾರೂ ನೋಡಲಿಲ್ಲ. ಆ ಹೆಂಗಸು ನನ್ನ ಪಕ್ಕದಲ್ಲಿ ಕೂತಿದ್ದಳು. ಅವರ್ಸಾ ಊರು ದಾಟಿದ ಮೇಲೆ ಚೀಲದಿಂದ ಶೇಂಗಾ ಪೊಟ್ಟಣ ತೆಗೆದು ನನ್ನ ಕೈಗಿಟ್ಟಳು. “ಅದರ ಜಡೆ ಕತ್ತರಿಸಿದೆವು ಬಾಯೇ,” ಎಂದಳು ಮೆಲ್ಲಗೆ. “ಗಂಟು ಗಂಟಾಗಿ ಕಿತ್ತು ಬರ್ತಾ ಇತ್ತು. ಎಚ್ಚರವಾದಾಗ ಕೈಯಲ್ಲಿ ತಡಕಿ ನೋಡ್ತದೆ.” “ಎಷ್ಟು ಜನ ಗೆಳತ್ಯರು ಅದಕ್ಕೆ ಅಂತ ನನಗೆ ಹೆಮ್ಮೆ ಇತ್ತು. ಮಲಗಿದಮೇಲೆ ಒಬ್ಬಳೂ ಬಂದು ಬಾಗಿಲಲ್ಲಿ ನಿಂತಿಲ್ಲ,” ಎಂದಳು. ಆಚೆ ಸೀಟಿನಲ್ಲಿ ಕೂತಿದ್ದ ಆಯಿ ಇದನ್ನು ಕೇಳಿ ಕಿಟಕಿಯತ್ತ ಮುಖ ತಿರುಗಿಸಿದಳು. ಇಬ್ಬರು ತಾಯಂದಿರೂ ಮಕ್ಕಳ ಗೆಳತಿಯರ ವಿಷಯದಲ್ಲಿ ಒಂದೇ ರೀತಿ ಮೋಸಹೋಗಿದ್ದರು.

ಅಂಕೋಲೆಯಲ್ಲಿ ಬಸ್ಸು ಬದಲಿಸಿ ಮಂಜಗುಣಿ ಮುಟ್ಟಿದಾಗ ಅಜ್ಜಿ ಹಿತ್ತಲಲ್ಲಿ ಬಳಚಿನ ರಾಶಿಯ ಮುಂದೆ ಕೂತಿದ್ದಳು. ಆಯಿ ವಿಷಯ ಹೇಳಿ, “ಅತ್ತೇ, ಆ ಕಾಯಿ ತೆಗೆದುಬಿಡಿ,” ಎಂದಳು.

“ಎಂಥಾ ಕಾಯಿ?” ಅಜ್ಜಿ ಕತ್ತಿ ಕೆಳಗಿಟ್ಟಳು. “ಸಣ್ಣ ಹುಡುಗ್ರ ಮ್ಯಾಲೆ ಜಟಗಂಗೆ ಕಾಯಿ ಇಡುಕೆ ನಂಗೆ ಹುಚ್ಚೇ? ನಾ ಯಾವ ಕಾಯಿನೂ ಇಡ್ಲಿಲ್ಲ.”

ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆ ಹೆಂಗಸಿಗೆ ಮಾತ್ರ ಇಳಿಯಲಿಲ್ಲ. ಅಜ್ಜಿ ಸಿಟ್ಟಿನಿಂದ ಒಪ್ಪಿಕೊಳ್ಳುತ್ತಿಲ್ಲ ಎಂದು ಅವಳು ತಿಳಿದಳು. “ಅಮ್ಮಾ, ಹಾಗೆ ಅನ್ನಬೇಡಿ. ಇಟ್ಟಿದ್ದೀರಿ. ಅದು ಬಡಬಡಿಸುತ್ತದೆ, ಕಾಯಿ, ಕಾಯಿ ಅಂತ. ನಿಮ್ಮ ಕಾಲಿಗೆ ಬೀಳ್ತೇನೆ,” ಎಂದು ಬಳಚಿನ ನೀರಿನಲ್ಲೇ ಮಂಡಿಯೂರಿದಳು. ಅಜ್ಜಿ ಇಡಲಿಲ್ಲವೆಂದು ಮತ್ತೆ ಮತ್ತೆ ಹೇಳಿದಳು. ಹೇಳಿದಷ್ಟೂ ಅವಳ ಅಳು ಹೆಚ್ಚಿತು. ಕೊನೆಗೆ ಅಜ್ಜಿ ಅವಳ ಮುಖವನ್ನು ಒಂದು ಗಳಿಗೆ ನೋಡಿ, ಕೈ ತೊಳೆದು ಎದ್ದಳು. “ಏಳು ತಂಗಿ. ಬಾ, ತೆಗೀತೆ.”

ಊರಗಡಿಯ ಹೊನ್ನೆ ಮರದ ಬುಡದಲ್ಲಿ ಜಟಗನ ಕಲ್ಲು. ಅಜ್ಜಿ ತರಗು ಸರಿಸಿ, ಆ ಹೆಂಗಸು ತಂದ ಕಾಯಿಯನ್ನು ಅವಳ ಕೈಯಿಂದಲೇ ಇಡಿಸಿ, ಊದಿನಕಡ್ಡಿ ಹಚ್ಚಿಸಿದಳು. ಆಮೇಲೆ ಗಟ್ಟಿ ದನಿಯಲ್ಲಿ, “ಜಟಗಾ, ಈ ತಾಯಿ ಮಗಳ ಮ್ಯಾಲೆ ನಾ ನಿನ್ನ ಹತ್ರ ಎಂಥ ಹೇಳಿದ್ರೂ ಅದನ್ನ ವಾಪಸ್ ತಕಂಡೆ. ನೀ ಮನ್ಸಿಗೆ ಹಚ್ಕಬ್ಯಾಡ. ಆ ಕೂಸು ಎದ್ದು ಓಡಾಡ್ಲಿ,” ಎಂದಳು. ಆ ಹೆಂಗಸು ಕಲ್ಲಿನ ಮುಂದೆ ಹಣೆಯಿಟ್ಟು ಎದ್ದಾಗ ಅವಳ ಮುಖದ ಬಣ್ಣವೇ ಬೇರೆಯಾಗಿತ್ತು. “ಔಷಧ ಬಿಡಿಸ್ಬ್ಯಾಡ ಮತ್ತೆ. ಗಂಜಿ ನೀರು ಕೊಡು,” ಎಂದಳು ಅಜ್ಜಿ.

ಅವರಿಬ್ಬರೂ ಮುಂದೆ ಹೋದ ಮೇಲೆ ನಾನು ಅಜ್ಜಿಯ ಸೆರಗು ಹಿಡಿದು, “ದೇವರ ಮುಂದೆ ಸುಳ್ಳು ಹೇಳಿದ್ಯಲ್ಲೇ?” ಎಂದೆ.

“ಸುಳ್ಳೆಂಥದು? ‘ಎಂಥ ಹೇಳಿದ್ರೂ’ ಅಂದೆ. ಎಂಥದೂ ಹೇಳ್ಲಿಲ್ಲ, ಅದು ಅಂವಂಗೆ ಗೊತ್ತು. ಆ ಹೆಣ್ಣಿಗೆ ಗೊತ್ತಾಗೂದಿಲ್ಲ, ಅದಕ್ಕೆ ಬಂದೆ.”

“ಮತ್ತೆ ಅವತ್ತು ದೇವರ ಹತ್ತಿರ ಹೇಳ್ತೆ ಅಂದಿದ್ದೆ?”

“ಹೇಳ್ದೆ. ಇಲ್ಲಲ್ಲ. ಪೇಟೆಗೆ ಇಳ್ದಾಗ ವೆಂಕಟ್ರಮಣಂಗೆ ಒಂದು ಕಾಯಿ ಒಡಸ್ದೆ.” ಅಜ್ಜಿ ಕಾಲಡಿಯ ಕೊಂಬೆ ಎತ್ತಿ ಬೇಲಿಗೆ ಎಸೆದಳು. “ನಮ್ಮ ಕೂಸಿಗೆ ಒಬ್ಳು ಗೆಳತಿ ಕೊಡು ಅಂದೆ. ಹೆಚ್ಚಿಗೆ ಬ್ಯಾಡ, ಒಬ್ಳು ಸಾಕು ಅಂದೆ.”

ನನಗೆ ಅಲ್ಲೇ ಕೂತು ಅಳಬೇಕೆನಿಸಿತು. ನಾನು ಇಡೀ ತರಗತಿಯನ್ನು ಅಜ್ಜಿಯ ಹೆಸರು ಹೇಳಿ ಹೆದರಿಸಿದ್ದೆ, ಅಜ್ಜಿ ಕೇಳಿದ್ದು ಇಷ್ಟು ಸಣ್ಣದು. ವಾಪಸು ಬರುವಾಗ ಬಸ್ಸಿನಲ್ಲಿ ಇನ್ನೊಂದು ಯೋಚನೆಯೂ ಹೊಕ್ಕಿತು. ಕಾಯಿಯೇ ಇಲ್ಲವೆಂದು ತಿಳಿದರೆ ಅವರೆಲ್ಲ ಮತ್ತೆ ಕಸಬರಿಗೆ ಎತ್ತುತ್ತಾರೆ. ಬಾಯಿ ಮುಚ್ಚಿಕೊಂಡಿದ್ದರೆ ಏಳನೆಯ ಇಯತ್ತೆ ಮುಗಿಯುವ ತನಕ ನನ್ನ ಸುದ್ದಿಗೆ ಯಾರೂ ಬರುವುದಿಲ್ಲ. ಸುಮ್ಮನಿರು, ಸುಮ್ಮನಿರು ಎಂದು ನನಗೆ ನಾನೇ ಹೇಳಿಕೊಂಡೆ.

ಜ್ವರ ಇಳಿಯಿತು. ಔಷಧದಿಂದ ಎಂದು ಅಪ್ಪ, ಜಟಗನಿಂದ ಎಂದು ಕೋಡಿಬಾಗ. ವಾರ್ಷಿಕ ಪರೀಕ್ಷೆಗೆ ಸ್ವಲ್ಪ ಮೊದಲು ಅವಳು ಶಾಲೆಗೆ ಬಂದಳು. ನನಗೆ ಗುರುತೇ ಸಿಗಲಿಲ್ಲ. ಬಿಳಿಚಿದ ಮುಖ, ಕೋಲಿನಂಥ ಕೈ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಕೂರುವಾಗ ಅಭ್ಯಾಸಬಲದಿಂದ ಕೈ ಬೆನ್ನ ಹಿಂದೆ ಹೋಗಿ, ಇಲ್ಲದ ಜಡೆಯನ್ನು ಹುಡುಕಿ, ಬರಿದೇ ಮಡಿಲಿಗೆ ಬಂತು.

ಗಾಳಿಮರದ ಬುಡದಲ್ಲಿ ಅವತ್ತೂ ಹೂ ಹಂಚಿದರು. ಅವಳು ಹೋಗಿ ನಿಂತಳು. ಅವಳದೇ ಗುಂಪಿನವಳೊಬ್ಬಳು, ಅವಳಿಲ್ಲದಾಗ ಮುಂದಾಳಾದವಳು, “ನೀನು ಎಲ್ಲಿಗೆ ಮುಡೀತೀ, ಬೋಡಕಿ?” ಎಂದಳು. ತಲೆ ಬೋಳಾದವಳು ಎಂದು. ಕಿಸಕ್ಕೆಂದು ನಕ್ಕ ಆ ನಗೆಯ ಪರಿಚಯ ನನಗೆ ಚೆನ್ನಾಗಿತ್ತು. ಅದು ಈ ಸಲ ನನ್ನ ಮೇಲೆ ಬಿದ್ದದ್ದಲ್ಲ, ಅಷ್ಟೇ. ಅವಳು ತಿರುಗಿ ತರಗತಿಗೆ ಬಂದು, ಕೊನೆಯ ಬೆಂಚಿನ ಮೂಲೆಯಲ್ಲಿ, ಕಸಬರಿಗೆಯ ಪಕ್ಕ ಕೂತಳು.

ನಾನು ಹೋಗಿ ಅವಳ ಹತ್ತಿರ ಕೂತೆ. ಪುಣ್ಯದ ಕೆಲಸ ಮಾಡುತ್ತಿದ್ದೇನೆ ಎಂದೆಲ್ಲ ಅನಿಸಲಿಲ್ಲ. ಆ ಮೂಲೆಯಲ್ಲಿ ಒಬ್ಬಳೇ ಕೂರುವುದು ಹೇಗಿರುತ್ತದೆ ಎಂದು ಗೊತ್ತಿತ್ತು, ಅಷ್ಟೇ.

ಅವಳು ನನ್ನತ್ತ ನೋಡದೆ, “ನಿನ್ನ ಅಜ್ಜಿ ಕಾಯಿ ತೆಗೆದಳಂತೆ,” ಎಂದಳು. ದನಿಯಲ್ಲಿ ಹೆದರಿಕೆ ಇನ್ನೂ ಇತ್ತು.

ಸುಮ್ಮನಿರು ಎಂದು ಬಸ್ಸಿನಲ್ಲಿ ಹೇಳಿಕೊಂಡದ್ದು ನೆನಪಿಗೆ ಬಂತು. ಆದರೆ ಆ ಬಟ್ಟೆ ಕಟ್ಟಿದ ತಲೆಯ ಮುಂದೆ ಸುಮ್ಮನಿರುವುದು ನನ್ನಿಂದ ಆಗಲಿಲ್ಲ. “ತೆಗೆಯೂಕೆ ಇಟ್ಟಿದ್ದರೆ ತಾನೆ? ಇಡಲೇ ಇಲ್ಲ. ನನಗೆ ಗೊತ್ತಿರಲಿಲ್ಲ, ಸಿಟ್ಟಿಗೆ ಹೇಳಿದ್ದೆ. ನಿನಗೆ ಸುಮ್ಮನೆ ಜ್ವರ ಬಂದದ್ದು,” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. “ಮತ್ತೆ ದೇವರ ಹತ್ತಿರ ಏನೂ ಹೇಳಲಿಲ್ಲವಾ?”

“ವೆಂಕಟರಮಣನ ಹತ್ತಿರ ಹೇಳಿದಳಂತೆ. ನನಗೆ ಒಬ್ಬಳು ಗೆಳತಿ ಕೊಡು ಅಂತ.”

ಅವಳು ತಲೆಯ ಬಟ್ಟೆ ಮುಟ್ಟಿಕೊಂಡು, “ಅದಕ್ಕೆ ದೇವರು ಈ ಬೋಡಕಿಯನ್ನು ಕೊಟ್ಟನಾ?” ಎಂದಳು. ಮೊದಲು ಅವಳಿಗೇ ನಗು ಬಂತು. ನಂತರ ನನಗೆ. ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಅಕ್ಕೋರು ಬಂದು ಗದರಿದರೂ ನಿಲ್ಲಿಸಲು ಆಗಲಿಲ್ಲ.

ನನ್ನ ಅಬ್ಬಲಿ ದಂಡೆ ಬಿಚ್ಚಿ ಅರ್ಧ ಮಾಡಿ ಅವಳ ಕೈಗಿತ್ತೆ. ಮುಡಿಯಲು ಕೂದಲಿಲ್ಲ, ಅವಳು ಅದನ್ನು ಮಣಿಕಟ್ಟಿಗೆ ಸುತ್ತಿಕೊಂಡಳು. ಕೈ ಎಷ್ಟು ಸಣಕಲಾಗಿತ್ತೆಂದರೆ ಮೂರು ಸುತ್ತು ಬಂತು. ಗಂಟು ನಾನು ಹಾಕಿದೆ. ನಮ್ಮ ಮಾತು ಮುಂದಿನ ಬೆಂಚಿಗೆ ಕೇಳಿಸಿತ್ತು, ಕಾಯಿಯ ಗುಟ್ಟು ಆ ಮಧ್ಯಾಹ್ನವೇ ಹೊರಬಿತ್ತು, ಸಂಜೆಗೆ ಯಾರೋ ಮತ್ತೆ ಗಾಂವ್ಟಿ ಎಂದರು. ಅವಳು ಎದ್ದು ನಿಂತು ಕೊಂಕಣಿಯಲ್ಲಿ ಏನೋ ಅಂದಳು. ಅದನ್ನು ಇಲ್ಲಿ ಬರೆಯಲಾರೆ. ನನಗೆ ಪೂರ್ತಿ ಅರ್ಥವಾಯಿತು.

ಕೋಡಿಬಾಗಕ್ಕೆ ಬಂದ ಮೇಲೆ ನಾನು ದಂಡೆಯ ಅರ್ಧವನ್ನು ನಿಜವಾಗಿ ಕೊಟ್ಟು ಮನೆಗೆ ಹೋದದ್ದು ಅದೇ ಮೊದಲು. ಗಟಾರದ ವಿಷಯ ತಿಳಿದಂದಿನಿಂದ ಆಯಿ, ಯಾರಿಗೆ ಕೊಟ್ಟೆ ಎಂದು ಕೇಳುವುದನ್ನೇ ಬಿಟ್ಟಿದ್ದಳು. ದಂಡೆ ಮಾತ್ರ ತಪ್ಪದೆ ಕಟ್ಟುತ್ತಿದ್ದಳು, ನನ್ನ ತಲೆಗೆ ಸಾಕಾಗುವಷ್ಟು, ಗಿಡ್ಡನೆಯದು. ಅವತ್ತು ಜಡೆ ಬಿಚ್ಚುವಾಗ ಅವಳ ಕೈ ಒಮ್ಮೆ ನಿಂತಿತು. ನಾನೇ ಹೇಳಿದೆ: “ಅರ್ಧ ಅವಳಿಗೆ ಕೊಟ್ಟೆ. ಕೈಗೆ ಕಟ್ಟಿಕೊಂಡಳು.” ಆಯಿ ಹ್ಞೂಂ ಎಂದು ಬಾಚಣಿಗೆ ಎತ್ತಿಕೊಂಡಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಎದ್ದು ನೋಡಿದಾಗ ಹಿತ್ತಲ ಕಟ್ಟೆಯ ಮೇಲೆ ಒದ್ದೆ ಬಾಳೆಲೆ. ಅದರಲ್ಲಿ ನನ್ನ ದಂಡೆ, ಮತ್ತು ಅದರ ಪಕ್ಕದಲ್ಲಿ ಇನ್ನೊಂದು, ಪುಟ್ಟದು, ಎರಡೂ ತುದಿಗೆ ಗಂಟು ಹಾಕಲು ನಾರು ಬಿಟ್ಟು, ಕೈಗೆ ಕಟ್ಟುವ ಅಳತೆಗೆ ಕಟ್ಟಿದ್ದು.